107 ಕೋಟಿ ಬಣ್ಣದ ಲೆಕ್ಕ: ಪರದೆಯ ಹರವು ಎಷ್ಟು, ಹಂತ ಎಷ್ಟು?

ಹೊಸ ಟಿವಿ, ಮಾನಿಟರ್‌ಗಳ ಸುದ್ದಿಯಲ್ಲಿ ಈಗ ಎರಡು ಅಂಕಿಗಳು ತಪ್ಪದೆ ಬರುತ್ತವೆ. ಒಂದು, ‘107 ಕೋಟಿ ಬಣ್ಣ’. ಇನ್ನೊಂದು, ‘ಶೇ 100 ಬಿಟಿ.2020’; ಬಿಟಿ.2020 ಎಂಬುದು ಟಿವಿ ಬಣ್ಣಗಳ ಒಂದು ಮಾನದಂಡ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ಹೈಸೆನ್ಸ್ ಕಂಪನಿ 116 ಇಂಚಿನ ಟಿವಿಯೊಂದನ್ನು ತೋರಿಸಿ, ಇದು ಬಿಟಿ.2020ರ ಶೇ 97ರಷ್ಟನ್ನು ಮುಟ್ಟುತ್ತದೆ ಎಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸ್ಯಾಮ್‌ಸಂಗ್ 115 ಇಂಚಿನ ಮೈಕ್ರೋ ಆರ್‌ಜಿಬಿ ಟಿವಿ ತಂದು, ನಮ್ಮದು ಪೂರ್ತಿ ನೂರು ಎಂದಿತು. ಆಮೇಲೆ ಬೇರೆ ಕಂಪನಿಗಳೂ ಇದೇ ಪೈಪೋಟಿಗೆ ಇಳಿದವು.

ಇತ್ತ ಸಾಮಾನ್ಯ ಲ್ಯಾಪ್‌ಟಾಪ್ ಹುಡುಕುವವರಿಗೆ ಕಾಣುವುದೇ ಬೇರೆ: ‘45% ಎನ್‌ಟಿಎಸ್‌ಸಿ’. ಮಾನಿಟರ್ ವಿವರದಲ್ಲಿ ‘8-ಬಿಟ್ + ಎಫ್‌ಆರ್‌ಸಿ, 95% ಡಿಸಿಐ-ಪಿ3’ ಎಂದಿರುತ್ತದೆ. ಇವೆಲ್ಲ ಒಂದೇ ವಿಷಯದ ಅಳತೆಗಳಾ, ಬೇರೆ ಬೇರೆಯಾ? ಹಳೆಯ ಮಾನಿಟರ್‌ನಲ್ಲೂ 1.67 ಕೋಟಿ ಬಣ್ಣ ಇದ್ದವಲ್ಲ, ಅದು ಸಾಲದೇ ಹೋಯಿತಾ? ಗೊಂದಲ ಆಗುವುದು ಸಹಜ. ಏಕೆಂದರೆ ಇಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಮಾರುತ್ತಿದ್ದಾರೆ.

ಹರವು ಬೇರೆ, ಹಂತ ಬೇರೆ

ಮೊದಲನೆಯದು ಹರವು. ಒಂದು ಪರದೆ ಎಷ್ಟು ಗಾಢವಾದ ಕೆಂಪು, ಹಸಿರು, ನೀಲಿಯನ್ನು ತೋರಿಸಬಲ್ಲದು ಎಂಬುದು. ಈ ಕ್ಷೇತ್ರದವರು ಇದನ್ನು ಗ್ಯಾಮಟ್ ಎನ್ನುತ್ತಾರೆ. ಪರದೆಯ ಉಳಿದೆಲ್ಲ ಬಣ್ಣಗಳೂ ಈ ಮೂರರ ಬೆರಕೆ. ಹಾಗಾಗಿ ಮೂರು ಮೂಲಬಣ್ಣಗಳು ಎಷ್ಟು ಶುದ್ಧವೋ ಹರವು ಅಷ್ಟು ದೊಡ್ಡದು.

ಎರಡನೆಯದು ಹಂತ. ಪೂರ್ತಿ ಕಪ್ಪಿನಿಂದ ಪೂರ್ತಿ ಕೆಂಪಿನವರೆಗಿನ ದಾರಿಯನ್ನು ಎಷ್ಟು ಮೆಟ್ಟಿಲುಗಳಾಗಿ ಕಡಿದಿದ್ದಾರೆ ಎಂಬುದು. ಇದೇ ಬಿಟ್ ಲೆಕ್ಕ. 8 ಬಿಟ್ ಎಂದರೆ ಒಂದೊಂದು ಮೂಲಬಣ್ಣಕ್ಕೆ 256 ಮೆಟ್ಟಿಲು. ಮೂರನ್ನೂ ಗುಣಿಸಿದರೆ 1,67,77,216. ಅದೇ ಆ ಪ್ರಸಿದ್ಧ 1.67 ಕೋಟಿ. 10 ಬಿಟ್ ಎಂದರೆ 1,024 ಮೆಟ್ಟಿಲು. ಗುಣಿಸಿದರೆ 1,07,37,41,824, ಅಂದರೆ 107 ಕೋಟಿ ಚಿಲ್ಲರೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಕೋಟಿಗಳು ಸಂಕೇತಗಳ (ಮೂರು ಮೂಲಬಣ್ಣಗಳ ಅಂಕಿಗಳ ಜೋಡಣೆಗಳ) ಎಣಿಕೆ, ಕಣ್ಣಿಗೆ ಕಾಣುವ ಬಣ್ಣಗಳ ಎಣಿಕೆ ಅಲ್ಲ. ಮಂಕಾದ, ಪೇಲವವಾದ ಒಂದು ಪರದೆಗೂ 10-ಬಿಟ್ ಸಿಗ್ನಲ್ ಕೊಡಬಹುದು. ಆಗ ಅದಕ್ಕೂ ‘107 ಕೋಟಿ ಬಣ್ಣ’ ಎಂದು ಬರೆದರೆ ಸುಳ್ಳಾಗುವುದಿಲ್ಲ. ಆದರೆ ಆ ಪರದೆಯಲ್ಲಿ ಕುಂಕುಮ ಕುಂಕುಮದಂತೆ ಕಾಣುವುದಿಲ್ಲ. ಅದಕ್ಕೆ ಬೇಕಾದದ್ದು ಹರವು.

ಬೂದು ಬಣ್ಣಕ್ಕೆ ಸಿಗುವುದು 256 ಮಾತ್ರ

ಮನುಷ್ಯನ ಕಣ್ಣು ಸುಮಾರು ಒಂದು ಕೋಟಿ ಬಣ್ಣಗಳನ್ನು ಬೇರೆ ಬೇರೆ ಎಂದು ಗುರುತಿಸಬಲ್ಲದು ಎಂಬ ಅಂದಾಜನ್ನು ಆಗಾಗ ಕೇಳಿರುತ್ತೀರಿ. ಇನ್ನೂ ಕಮ್ಮಿ ಎನ್ನುವವರೂ ಇದ್ದಾರೆ. ಹಾಗಿದ್ದರೆ 1.67 ಕೋಟಿಯೇ ಜಾಸ್ತಿ ಆಯಿತು, ಅಲ್ವಾ? 10 ಬಿಟ್ ಯಾಕೆ ಬೇಕು?

ಇದಕ್ಕೆ ಉತ್ತರ ಕೋಟಿಯಲ್ಲಿಲ್ಲ, 256ರಲ್ಲಿದೆ. ಬೂದು ಬಣ್ಣ ಬರಬೇಕಾದರೆ ಕೆಂಪು, ಹಸಿರು, ನೀಲಿ ಮೂರೂ ಸಮನಾಗಿರಬೇಕು. ಹೀಗೆ ಮೂರೂ ಸಮ ಇರುವ ಸಂಕೇತಗಳು ಆ 1.67 ಕೋಟಿಯಲ್ಲಿ ಎಷ್ಟು? ಬರೀ 256. ಕಪ್ಪಿನಿಂದ ಬಿಳಿಗೆ ಹೋಗುವ ದಾರಿಯಲ್ಲಿ ಅಷ್ಟೇ ಇರುವುದು.

ಈಗ 4ಕೆ ಪರದೆಯನ್ನು ತೆಗೆದುಕೊಳ್ಳಿ. ಅಡ್ಡಕ್ಕೆ 3,840 ಪಿಕ್ಸೆಲ್. ಎಡತುದಿ ಕಪ್ಪು, ಬಲತುದಿ ಬಿಳಿ ಇಟ್ಟು ನಡುವೆ ನಯವಾಗಿ ಬಣ್ಣ ತುಂಬಿಸಿದರೆ, ಒಂದೊಂದು ಛಾಯೆಗೂ 15 ಪಿಕ್ಸೆಲ್ ಅಗಲದ ಪಟ್ಟೆ ಬೀಳುತ್ತದೆ. ಇದು ಅಷ್ಟಾಗಿ ಕಾಣದೇ ಹೋಗಬಹುದು. ಆದರೆ ಸಂಜೆಯ ಆಕಾಶದ ಫೋಟೋ ಇದ್ದರೆ? ಅಲ್ಲಿ ಬೆಳಕು ಕಪ್ಪಿನಿಂದ ಬಿಳಿಯವರೆಗೆ ಓಡುವುದಿಲ್ಲ, ಆ ದಾರಿಯ ಕಾಲು ಭಾಗದಲ್ಲಿ ನಿಧಾನವಾಗಿ ಸರಿಯುತ್ತದೆ. ಆಗ ಕೈಗೆ ಸಿಗುವುದು 64 ಹಂತ, ಪಟ್ಟೆಯ ಅಗಲ 60 ಪಿಕ್ಸೆಲ್. ಇದು ಕಣ್ಣಿಗೆ ಬಡಿಯುತ್ತದೆ. ಆಕಾಶದಲ್ಲಿ ಮೆಟ್ಟಿಲು ಕಟ್ಟಿದಂತೆ ಕಾಣುವ ಈ ದೋಷಕ್ಕೇ ಬ್ಯಾಂಡಿಂಗ್ ಎನ್ನುವುದು.

ವಿಡಿಯೋದಲ್ಲಿ ಇದು ಇನ್ನೂ ಬಿಗಿ. ಟಿವಿ ಪ್ರಸಾರದ ಪದ್ಧತಿಯಲ್ಲಿ 8-ಬಿಟ್ ವಿಡಿಯೋ 0ಯಿಂದ 255ರವರೆಗಿನ ಎಲ್ಲ ಅಂಕಿಗಳನ್ನೂ ಬಳಸುವುದಿಲ್ಲ. 16ಕ್ಕೆ ಕಪ್ಪು, 235ಕ್ಕೆ ಬಿಳಿ. ಅಂದರೆ 220 ಹಂತ.

ಹರವು ಹಿಗ್ಗಿದರೆ ಹಂತಗಳು ದೂರವಾಗುತ್ತವೆ

ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಎಸ್‌ಆರ್‌ಜಿಬಿ ಎಂಬ ಮಾನದಂಡವನ್ನು ಮುಂದಿಟ್ಟವು. ಅಂದಿನ ಗಾಜಿನ ಟ್ಯೂಬ್ ಮಾನಿಟರ್‌ಗಳು ತೋರಿಸುತ್ತಿದ್ದ ಬಣ್ಣವನ್ನೇ ಅದು ಲೆಕ್ಕಕ್ಕೆ ಹಿಡಿದಿತ್ತು. ಆ ಸಣ್ಣ ಹರವಿಗೆ 256 ಹಂತ ಹೆಚ್ಚುಕಡಿಮೆ ಸಾಕಾಗಿತ್ತು. ಇಂದಿಗೂ ವೆಬ್‌ನಲ್ಲಿ ನಾವು ನೋಡುವ ಬಹುಪಾಲು ಚಿತ್ರಗಳು ಇದೇ ಎಸ್‌ಆರ್‌ಜಿಬಿ, ಇದೇ 8 ಬಿಟ್.

ಆಮೇಲೆ ಹರವು ಬೆಳೆಯಿತು. ಡಿಜಿಟಲ್ ಸಿನಿಮಾಕ್ಕಾಗಿ ಹಾಲಿವುಡ್ ಸ್ಟುಡಿಯೋಗಳ ಒಕ್ಕೂಟ 2005ರಲ್ಲಿ ನಿಯಮ ಹೊರಡಿಸಿತು. ಅಲ್ಲಿಂದ ಬಂದದ್ದು ಡಿಸಿಐ-ಪಿ3. ಸಿನಿಮಾದವರು ಅಂದೇ ಜಾಣರು. ಹರವಿನ ಜೊತೆ ಹಂತವನ್ನೂ 12 ಬಿಟ್‌ಗೆ ಏರಿಸಿದರು. ಮಲ್ಟಿಪ್ಲೆಕ್ಸ್ ಪರದೆಯ ಮೇಲೆ ಬೀಳುವ ಚಿತ್ರ ಆ ಬಗೆಯದು. 2012ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಬಿಟಿ.2020 ತಂದಿತು. ಅದರ ಮೂಲಬಣ್ಣಗಳು ಲೇಸರ್‌ನಷ್ಟು ಶುದ್ಧ: 630, 532, 467 ನ್ಯಾನೋಮೀಟರ್‌ನ ಒಂಟಿ ಅಲೆಗಳು. ಕಣ್ಣಿಗೆ ಕಾಣುವ ಬಣ್ಣಗಳನ್ನೆಲ್ಲ ಗುರುತಿಸಿದ 1931ರ ನಕ್ಷೆಯ ಮೇಲೆ ಅಳೆದರೆ, ಮೂರು ಮೂಲಬಣ್ಣಗಳನ್ನು ಸೇರಿಸಿ ಎಳೆದ ಇದರ ತ್ರಿಕೋನ ಎಸ್‌ಆರ್‌ಜಿಬಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು. ಈ ನಿಯಮದಲ್ಲಿ 8 ಬಿಟ್‌ಗೆ ಜಾಗವೇ ಇಲ್ಲ. 10 ಅಥವಾ 12, ಅಷ್ಟೇ.

ಯಾಕೆ ಇಲ್ಲ? ದಾರಿ ಉದ್ದವಾಗಿ ಮೆಟ್ಟಿಲು ಅಷ್ಟೇ ಉಳಿದರೆ ಒಂದೊಂದು ಮೆಟ್ಟಿಲೂ ಎತ್ತರವಾಗುತ್ತದೆ. ಅಂಕಿಗಳಲ್ಲೇ ನೋಡೋಣ. ಎಸ್‌ಆರ್‌ಜಿಬಿಯಲ್ಲಿ ಅಚ್ಚ ಕೆಂಪಿನ ಸಂಕೇತ 255, 0, 0 (ಕ್ರಮವಾಗಿ ಕೆಂಪು, ಹಸಿರು, ನೀಲಿ). ಅದೇ ಕೆಂಪನ್ನು, ಡಿಸಿಐ-ಪಿ3ಯ ಹರವನ್ನೇ ಬಳಸುವ ಆಪಲ್‌ನ ಡಿಸ್‌ಪ್ಲೇ ಪಿ3 ಪದ್ಧತಿಯಲ್ಲಿ ಬರೆದರೆ 234, 51, 35 ಆಗುತ್ತದೆ. ಅಚ್ಚ ಹಸಿರು 117, 251, 76 ಆಗುತ್ತದೆ. ಅಂದರೆ ಹಳೆಯ ಬಣ್ಣಗಳೆಲ್ಲ ಹೊಸ ಜಾಗದ ಒಂದು ಮೂಲೆಯಲ್ಲಿ ಒತ್ತಿ ಕೂರುತ್ತವೆ. ಅವುಗಳ ಪಾಲಿಗೆ ಬರುವ ಸಂಕೇತಗಳು ಮೊದಲಿಗಿಂತ ಕಮ್ಮಿ. ಮುಖದ ಬಣ್ಣ, ಆಕಾಶ, ಗೋಡೆಯ ನೆರಳು, ಹೀಗೆ ದಿನಬಳಕೆಯ ಬಣ್ಣಗಳಿಗೇ ಹಂತ ಕಡಿಮೆಯಾಗುತ್ತದೆ. 8 ಬಿಟ್‌ನಲ್ಲೇ ಉಳಿದು ಹರವನ್ನು ಮಾತ್ರ ಹಿಗ್ಗಿಸುವುದು ಲಾಭದ ಜೊತೆ ನಷ್ಟವನ್ನೂ ತರುತ್ತದೆ.

ಎಚ್‌ಡಿಆರ್ (ಕಡು ಕತ್ತಲೆ, ಪ್ರಖರ ಬೆಳಕು ಎರಡನ್ನೂ ಒಟ್ಟಿಗೆ ತೋರಿಸುವ ತಂತ್ರ) ಬಂದಮೇಲೆ ಬೆಳಕಿನ ದಾರಿಯೂ ಉದ್ದವಾಯಿತು. ಹಳೆಯ ಟಿವಿ ಚಿತ್ರವನ್ನು ಸ್ಟುಡಿಯೋದಲ್ಲಿ 100 ನಿಟ್ಸ್ (ನಿಟ್ ಎಂದರೆ ಪರದೆಯ ಬೆಳಕಿನ ಅಳತೆ) ಬೆಳಕಿಗೆ ಸಿದ್ಧಪಡಿಸುತ್ತಿದ್ದರು. ಎಚ್‌ಡಿಆರ್‌ನಲ್ಲಿ ಬಳಸುವ ಪಿಕ್ಯು ಎಂಬ ಪದ್ಧತಿ 10,000 ನಿಟ್ಸ್‌ವರೆಗೆ ಲೆಕ್ಕ ಇಟ್ಟಿದೆ. ಇದರಲ್ಲಿ 12 ಬಿಟ್ ಇದ್ದರೆ ಹಂತಗಳು ಕಣ್ಣಿಗೆ ಕಾಣುವುದಿಲ್ಲ. 10 ಬಿಟ್‌ನಲ್ಲಿ ಕಾಣುವ ಗೆರೆಯನ್ನು ಸ್ವಲ್ಪ ದಾಟುತ್ತದೆ. ನಿಜವಾದ ಕ್ಯಾಮೆರಾ ಚಿತ್ರದಲ್ಲಿ ಒಂದಿಷ್ಟು ಕಣಕಣ ಇದ್ದೇ ಇರುತ್ತದೆ, ಅದು ಈ ಗೆರೆಯನ್ನು ಮುಚ್ಚಿಹಾಕುತ್ತದೆ. ಹಾಗಾಗಿ 10 ಬಿಟ್ ನಡೆಯುತ್ತದೆ. 8 ಬಿಟ್ ಮಾತ್ರ ಇಲ್ಲಿ ಏನೂ ಸಾಲದು.

1.62 ಕೋಟಿಯ ಗುಟ್ಟು

ಪ್ಯಾನೆಲ್ ತಯಾರಕರಿಗೆ ಬಿಟ್ ಏರಿಸುವುದು ಅಷ್ಟು ಸುಲಭ ಅಲ್ಲ. ಎಲ್‌ಸಿಡಿಯಲ್ಲಿ ಒಂದೊಂದು ಹಂತಕ್ಕೂ ಒಂದೊಂದು ವೋಲ್ಟೇಜ್ ಬೇಕು. ಹಂತ ಜಾಸ್ತಿ ಆದಷ್ಟೂ ಆ ವೋಲ್ಟೇಜ್ ಕೊಡುವ ಚಿಪ್ ದೊಡ್ಡದಾಗುತ್ತದೆ, ದುಬಾರಿಯಾಗುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯವೇ ಎಫ್‌ಆರ್‌ಸಿ.

ಇದು ಕೆಲಸ ಮಾಡುವ ಬಗೆ ಸರಳ. 40 ಮತ್ತು 41ರ ನಡುವಿನ ಒಂದು ಛಾಯೆ ಬೇಕು, ಆದರೆ ಪ್ಯಾನೆಲ್‌ನಲ್ಲಿ ಅದು ಇಲ್ಲ. ಆಗ ಸತತ ನಾಲ್ಕು ಫ್ರೇಮ್‌ಗಳಲ್ಲಿ ಮೂರು ಸಲ 40, ಒಂದು ಸಲ 41 ತೋರಿಸಿದರೆ ಕಣ್ಣು ಅದನ್ನು ಕೂಡಿಸಿ 40 ಕಾಲು ಎಂದು ಓದಿಕೊಳ್ಳುತ್ತದೆ. ಹೀಗೆ 6-ಬಿಟ್ ಪ್ಯಾನೆಲ್ 8-ಬಿಟ್‌ನಂತೆ ಕಾಣುತ್ತದೆ, 8-ಬಿಟ್ ಪ್ಯಾನೆಲ್ 10-ಬಿಟ್‌ನಂತೆ.

ಹಳೆಯ ಮಾನಿಟರ್‌ಗಳ ವಿವರಪಟ್ಟಿಯಲ್ಲಿ ಕೆಲವೊಮ್ಮೆ 1.67 ಕೋಟಿಯ ಬದಲು 1.62 ಕೋಟಿ ಬಣ್ಣ ಎಂದು ಇರುತ್ತಿತ್ತು. ಎಷ್ಟೋ ಜನ ಅದನ್ನು ಅಚ್ಚಿನ ತಪ್ಪು ಅಂದುಕೊಂಡಿರಬಹುದು. ಅದು ತಪ್ಪಲ್ಲ. 6 ಬಿಟ್ ಎಂದರೆ 64 ಹಂತ, ಅವುಗಳ ನಡುವೆ 63 ಸಂದು. ಒಂದೊಂದು ಸಂದನ್ನೂ ನಾಲ್ಕಾಗಿ ಒಡೆದರೆ 252, ಕೊನೆಯ ಮೆಟ್ಟಿಲು ಸೇರಿ 253. ತುತ್ತತುದಿಯ ಮೇಲೆ ಇನ್ನೊಂದು ಹಂತ ಇಲ್ಲದ್ದರಿಂದ ಅಲ್ಲಿ ಒಡೆಯಲು ಆಗುವುದಿಲ್ಲ, ಮೂರು ಹಂತ ಕೈತಪ್ಪುತ್ತವೆ. 253ನ್ನು ಮೂರು ಸಲ ಗುಣಿಸಿ ನೋಡಿ: 1,61,94,277. ಅಂದರೆ ಆ 1.62 ಕೋಟಿ, ‘ಇದು 6-ಬಿಟ್ ಪ್ಯಾನೆಲ್’ ಎಂಬುದರ ಒಪ್ಪಿಗೆ. ತಿಳಿದವರಿಗೆ ಮಾತ್ರ ಗೊತ್ತಾಗುವಂಥ ಒಪ್ಪಿಗೆ, ಅಷ್ಟೇ.

ಈ ವಿಷಯ ಕೋರ್ಟ್ ಮೆಟ್ಟಿಲೂ ಹತ್ತಿದೆ. 2007ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಆಪಲ್ ವಿರುದ್ಧ ಮೊಕದ್ದಮೆ ಹೂಡಿದರು. ಮ್ಯಾಕ್‌ಬುಕ್‌ಗಳಿಗೆ ‘ಮಿಲಿಯಗಟ್ಟಲೆ ಬಣ್ಣ’ ಎಂದು ಜಾಹೀರಾತು ಕೊಟ್ಟು ಒಳಗೆ 6-ಬಿಟ್ ಪ್ಯಾನೆಲ್ ಹಾಕಿದ್ದಾರೆ ಎಂಬುದು ದೂರು. 2008ರಲ್ಲಿ 20 ಇಂಚಿನ ಐಮ್ಯಾಕ್ ಬಗ್ಗೆ ಇನ್ನೊಂದು ಮೊಕದ್ದಮೆ ಬಂತು. 24 ಇಂಚಿನದಕ್ಕೆ ಹೋಲಿಸಿದರೆ ಇದರಲ್ಲಿ ಶೇ 98ರಷ್ಟು ಬಣ್ಣ ಕಮ್ಮಿ ಎಂಬುದು ಅದರ ವಾದ. ಲೆಕ್ಕ ಸರಿಯೇ: 6 ಬಿಟ್‌ಗೆ 2,62,144 ಸಂಕೇತ, 1.67 ಕೋಟಿಯ ಮುಂದೆ ಅದು ಶೇ 2 ಕೂಡ ಅಲ್ಲ. ಆದರೆ ನೋಡುವವನಿಗೆ ಚಿತ್ರ ಶೇ 98ರಷ್ಟು ಹಾಳಾಗಿ ಕಾಣುತ್ತಿತ್ತಾ? ಇಲ್ಲ. ಕಂಪನಿ ಮಾಡಿದ ಜಾಹೀರಾತಿನ ತಪ್ಪನ್ನೇ ವಕೀಲರೂ ತಿರುಗಿಸಿ ಮಾಡಿದರು. ಎರಡೂ ಕಡೆಯವರು ಸಂಕೇತಗಳ ಎಣಿಕೆಯನ್ನು ಬಣ್ಣದ ಗುಣಮಟ್ಟ ಎಂದು ತೋರಿಸಿದರು.

ಶೇಕಡಾ ಲೆಕ್ಕದಲ್ಲಿ ಕಳೆದುಹೋಗುವುದು

ಬಿಟ್ ಲೆಕ್ಕಕ್ಕಿಂತ ಹರವಿನ ಲೆಕ್ಕದಲ್ಲಿ ಮೋಸಹೋಗುವುದು ಸುಲಭ. ಎನ್‌ಟಿಎಸ್‌ಸಿ ಎಂಬುದು 1953ರ ಅಮೆರಿಕದ ಕಲರ್ ಟಿವಿಯ ಮಾನದಂಡ. ಇವತ್ತು ಯಾರೂ ಅದರಲ್ಲಿ ಚಿತ್ರ ತಯಾರಿಸುವುದಿಲ್ಲ. ಆದರೂ ಲ್ಯಾಪ್‌ಟಾಪ್ ಪ್ಯಾನೆಲ್‌ಗಳ ಅಳತೆಗೋಲಾಗಿ ಉಳಿದುಕೊಂಡಿದೆ. 72% ಎನ್‌ಟಿಎಸ್‌ಸಿ ಎಂದರೆ ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿ. ಹಾಗಾಗಿ 45% ಎಂದರೆ ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲಿಗಿಂತಲೂ ಕಮ್ಮಿ. ನಮ್ಮಲ್ಲಿ ಕಮ್ಮಿ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳು ಇದೇ ಪ್ಯಾನೆಲ್‌ನೊಂದಿಗೆ ಬರುತ್ತವೆ. ಒಳ್ಳೆ ಪ್ರೊಸೆಸರ್, ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿ ಪರದೆಯಲ್ಲಿ ಉಳಿತಾಯ ಮಾಡುತ್ತಾರೆ. ಫೋಟೋ ತಿದ್ದುವವರಿಗೆ ಇದು ನಿಜಕ್ಕೂ ತೊಂದರೆ ಕೊಡುತ್ತದೆ. ಅಲ್ಲಿ ಬಿಟ್ ಎಷ್ಟು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ‘125% ಎಸ್‌ಆರ್‌ಜಿಬಿ’ ಎಂಬ ಬರಹ. ಇದು ತ್ರಿಕೋನದ ಗಾತ್ರ ಹೇಳುತ್ತದೆ, ಅದು ಎಸ್‌ಆರ್‌ಜಿಬಿಯನ್ನು ಪೂರ್ತಿ ಮುಚ್ಚುತ್ತದೆ ಎಂದು ಹೇಳುವುದಿಲ್ಲ. ಕೆಂಪಿನ ಕಡೆ ಚಾಚಿ ನೀಲಿಯ ಕಡೆ ಕುಗ್ಗಿದ್ದರೂ ಗಾತ್ರ 125 ಬರಬಹುದು. ಜೊತೆಗೆ 1931ರ ನಕ್ಷೆಯ ಮೇಲೆ ಅಳೆದರೆ ಒಂದು ಶೇಕಡಾ, 1976ರ ನಕ್ಷೆಯ ಮೇಲೆ ಅಳೆದರೆ ಇನ್ನೊಂದು. ಯಾವುದು ಚೆಂದ ಕಾಣುತ್ತದೋ ಅದನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸುತ್ತಾರೆ.

ಕೇಬಲ್‌ನಲ್ಲಿ ಜಾಗ ಸಾಲದಾಗ

ಪ್ಯಾನೆಲ್ 10 ಬಿಟ್ ಇದ್ದ ಮಾತ್ರಕ್ಕೆ 10 ಬಿಟ್ ನಿಮ್ಮ ಕಣ್ಣಿಗೆ ಬರುವುದಿಲ್ಲ. ಫೈಲು, ಆ್ಯಪ್, ಆಪರೇಟಿಂಗ್ ಸಿಸ್ಟಮ್, ಗ್ರಾಫಿಕ್ಸ್ ಕಾರ್ಡ್, ಕೇಬಲ್, ಪ್ಯಾನೆಲ್. ಇದರಲ್ಲಿ ಎಲ್ಲಿ ಒಂದು ಕಡೆ 8ಕ್ಕೆ ಇಳಿದರೂ ಮುಂದೆ ಅದು ಏರುವುದಿಲ್ಲ.

ಕೇಬಲ್‌ನ ಲೆಕ್ಕ ನೋಡಿ. 4ಕೆ ಚಿತ್ರ, ಸೆಕೆಂಡಿಗೆ 60 ಸಲ, ಒಂದೊಂದು ಪಿಕ್ಸೆಲ್‌ಗೆ 30 ಬಿಟ್. ಗುಣಿಸಿದರೆ ಸೆಕೆಂಡಿಗೆ 14.9 ಗಿಗಾಬಿಟ್. ಎಚ್‌ಡಿಎಂಐ 2.0ರ ಮೇಲೆ 18 ಗಿಗಾಬಿಟ್ ಎಂದು ಬರೆದಿದ್ದರೂ ನಿಜವಾದ ಮಾಹಿತಿಗೆ ಸಿಗುವುದು 14.4. ಹಿಡಿಸುವುದಿಲ್ಲ. ಆಗ ಕಂಪ್ಯೂಟರ್ ಸುಮ್ನೆ ಏನೂ ಹೇಳದೆ ಎರಡರಲ್ಲಿ ಒಂದು ಮಾಡುತ್ತದೆ. ಒಂದೋ 8 ಬಿಟ್‌ಗೆ ಇಳಿಸುತ್ತದೆ, ಇಲ್ಲವೇ ಬಣ್ಣದ ವಿವರವನ್ನು ಅರ್ಧಕ್ಕೆ ಕತ್ತರಿಸುತ್ತದೆ. ಎರಡನೆಯದಾದರೆ ಸಿನಿಮಾದಲ್ಲಿ ಗೊತ್ತಾಗುವುದಿಲ್ಲ, ಬಣ್ಣದ ಹಿನ್ನೆಲೆಯ ಮೇಲಿನ ಸಣ್ಣ ಅಕ್ಷರಗಳ ಅಂಚು ಮಾತ್ರ ಹೊಲಸಾಗುತ್ತದೆ. ಎಚ್‌ಡಿಎಂಐ 2.1ರಲ್ಲಿ 48 ಗಿಗಾಬಿಟ್ ಇರುವುದರಿಂದ ಈ ತೊಂದರೆ ಇಲ್ಲ.

ಸಾಫ್ಟ್‌ವೇರ್ ಕೂಡ ತಡವಾಗಿ ಎಚ್ಚೆತ್ತಿತು. ಎನ್‌ವಿಡಿಯಾ ತನ್ನ ಸಾಮಾನ್ಯ ಜೀಫೋರ್ಸ್ ಕಾರ್ಡ್‌ಗಳಲ್ಲಿ ಫೋಟೋಶಾಪ್‌ನಂಥ ಆ್ಯಪ್‌ಗಳಿಗೆ 10 ಬಿಟ್ ತೆರೆದದ್ದು 2019ರಲ್ಲಿ. ಅಲ್ಲಿಯವರೆಗೆ ಅದಕ್ಕೆ ದುಬಾರಿ ವೃತ್ತಿಪರ ಕಾರ್ಡೇ ಬೇಕಿತ್ತು.

ಯಾರು ಏನು ಹೇಳುತ್ತಾರೆ

ಟಿವಿ ತಯಾರಕರ ವಾದ ಹೀಗಿದೆ. ಮಾಮೂಲಿ ಎಲ್‌ಸಿಡಿಯ ಹಿಂದಿರುವ ಬಿಳಿ ದೀಪ ಅಸಲಿಗೆ ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಫಾಸ್ಫರ್ ಲೇಪ. ಅದರ ಬೆಳಕಿನಲ್ಲಿ ಹಸಿರು, ಕೆಂಪು ಎಲ್ಲ ಕಲಸಿಕೊಂಡಿರುತ್ತವೆ. ಎಷ್ಟು ಸೋಸಿದರೂ ಶುದ್ಧ ಬಣ್ಣ ಸಿಗುವುದಿಲ್ಲ. ಹಿಂದೆಯೇ ಕೆಂಪು, ಹಸಿರು, ನೀಲಿ ದೀಪಗಳನ್ನು ಬೇರೆ ಬೇರೆಯಾಗಿ ಇಟ್ಟರೆ ಮೂಲದಲ್ಲೇ ಬಣ್ಣ ಶುದ್ಧ. ಪರದೆ ಮೊದಲು ಬರಲಿ, ಅದಕ್ಕೆ ತಕ್ಕ ಚಿತ್ರಗಳು ಆಮೇಲೆ ಬರುತ್ತವೆ ಎನ್ನುತ್ತಾರೆ. ಎಚ್‌ಡಿ, 4ಕೆ ಎರಡೂ ಬಂದದ್ದು ಹಾಗೆಯೇ.

ಸಂಶಯಪಡುವವರು ಇದನ್ನು ಒಪ್ಪುವುದಿಲ್ಲ. ಹೆಚ್ಚಿನ ಎಚ್‌ಡಿಆರ್ ಸಿನಿಮಾಗಳು ಬಿಟಿ.2020 ಎಂಬ ಹಣೆಪಟ್ಟಿಯಲ್ಲಿ ಬಂದರೂ ಒಳಗಿನ ಬಣ್ಣ ಪಿ3 ಹರವನ್ನು ದಾಟುವುದಿಲ್ಲ. ಏಕೆಂದರೆ ಅವುಗಳ ಬಣ್ಣವನ್ನು ತಿದ್ದಿ ಹೊಂದಿಸಲು ಬಳಸುವ ಸ್ಟುಡಿಯೋ ಮಾನಿಟರ್‌ಗಳು, ಸಿನಿಮಾ ಪ್ರೊಜೆಕ್ಟರ್‌ಗಳು ಪಿ3 ಲೆಕ್ಕದವು. ಇಲ್ಲದ ಬಣ್ಣವನ್ನು ಟಿವಿ ಎಲ್ಲಿಂದ ತೋರಿಸಬೇಕು? ತೋರಿಸಿದರೆ ಅದು ನಿರ್ದೇಶಕ ಕಂಡದ್ದಲ್ಲ, ಟಿವಿ ಸೇರಿಸಿದ್ದು. ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ. ಮೂಲಬಣ್ಣಗಳು ತೀರಾ ಶುದ್ಧವಾದಷ್ಟೂ ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ವ್ಯತ್ಯಾಸ ಹೆಚ್ಚುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ. ಒಂದೇ ಟಿವಿಯ ಮುಂದೆ ಕೂತ ಅಜ್ಜಿಗೂ ಮೊಮ್ಮಗಳಿಗೂ ಒಂದೇ ಬಿಳಿ ಬೇರೆ ಬೇರೆಯಾಗಿ ಕಾಣಬಹುದು. ಹಲವು ಅಲೆಗಳು ಬೆರೆತ ಬೆಳಕಿನ ಹಳೆಯ ಪರದೆಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

ಎಫ್‌ಆರ್‌ಸಿ ಬಗ್ಗೆಯೂ ಎರಡು ಬಣ ಇದೆ. ‘ನಿಜವಾದ 10 ಬಿಟ್’ ಬೇಕೇ ಬೇಕು ಎನ್ನುವವರು ಒಂದು ಕಡೆ. 8-ಬಿಟ್ + ಎಫ್‌ಆರ್‌ಸಿಯನ್ನು ಕಣ್ಣಿನಿಂದ ಗುರುತಿಸುವುದು ಕಷ್ಟ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತೇ ಸರಿ ಎನಿಸುತ್ತದೆ. 6 ಬಿಟ್‌ನಲ್ಲಿ ಸಂದು ದೊಡ್ಡದು, ಮಿನುಗು ಕಾಣಬಹುದು. 8 ಬಿಟ್‌ನ ಸಂದು ಅದರ ಕಾಲು ಭಾಗ. ಮೇಲಾಗಿ ಆನ್‌ಲೈನ್ ವಿಡಿಯೋದಲ್ಲಿ ಜನ ಪ್ಯಾನೆಲ್ ಮೇಲೆ ಹೊರಿಸುವ ಬ್ಯಾಂಡಿಂಗ್‌ನ ದೊಡ್ಡ ಪಾಲು ವಿಡಿಯೋವನ್ನು ಕುಗ್ಗಿಸುವಾಗ ಬಂದದ್ದು. ಕತ್ತಲೆ ದೃಶ್ಯದ ನವಿರಾದ ಛಾಯೆಗಳನ್ನೇ ಕಂಪ್ರೆಷನ್ ಮೊದಲು ನುಂಗುತ್ತದೆ. 12-ಬಿಟ್ ಪ್ಯಾನೆಲ್ ತಂದರೂ ಅದು ಹೋಗುವುದಿಲ್ಲ.

ಮುಂದೆ ಏನಾಗಬಹುದು

ಹತ್ತಿರದ ಪರಿಣಾಮ ಅಂದರೆ ಬಣ್ಣದ ತಾಳಮೇಳ ಇನ್ನಷ್ಟು ತಪ್ಪುವುದು. ಹರವು ದೊಡ್ಡದಾದ ಪರದೆಗೆ ಹಳೆಯ ಎಸ್‌ಆರ್‌ಜಿಬಿ ಚಿತ್ರ ಕೊಟ್ಟು, ನಡುವೆ ಲೆಕ್ಕ ಸರಿಮಾಡುವವರು ಯಾರೂ ಇಲ್ಲದಿದ್ದರೆ, 255, 0, 0 ಎಂಬುದನ್ನು ಪರದೆ ತನ್ನ ಅತಿ ಗಾಢ ಕೆಂಪು ಎಂದು ತಿಳಿಯುತ್ತದೆ. ಮುಖಗಳು ಬಿಸಿಲಿಗೆ ಸುಟ್ಟಂತೆ, ಹುಲ್ಲು ಫ್ಲೋರೊಸೆಂಟ್‌ನಂತೆ ಕಾಣುತ್ತವೆ. ಮೊಬೈಲ್‌ನ ‘ವಿವಿಡ್’ ಮೋಡ್ ಇದನ್ನು ಬೇಕೆಂದೇ ಮಾಡುತ್ತದೆ. ಆನ್‌ಲೈನ್‌ನಲ್ಲಿ ನೋಡಿ ತರಿಸಿದ ಸೀರೆಯ ಬಣ್ಣ ಮನೆಗೆ ಬಂದಾಗ ಬೇರೆಯಾಗಿ ಕಾಣಲು ಇದೂ ಒಂದು ಕಾರಣ. ಅಂಗಡಿಯವರನ್ನೇ ಪೂರ್ತಿ ಬೈಯುವ ಹಾಗಿಲ್ಲ.

ಆಪಲ್ ಇದನ್ನು ಬೇಗ ಸರಿಮಾಡಿಕೊಂಡಿತು. 2015ರ ಐಮ್ಯಾಕ್, 2016ರ ಐಫೋನ್ 7ರಿಂದಲೇ ಪಿ3 ಪರದೆ ಕೊಟ್ಟು, ಬಣ್ಣ ಹೊಂದಿಸುವ ಕೆಲಸವನ್ನು ಸಿಸ್ಟಮ್‌ಗೇ ವಹಿಸಿತು. ವಿಂಡೋಸ್‌ನಲ್ಲಿ ಆ ಕೆಲಸ ಬಹುಕಾಲ ಆ್ಯಪ್‌ಗಳ ತಲೆಯ ಮೇಲಿತ್ತು. ವಿಂಡೋಸ್ 11ರಲ್ಲಿ ಬಣ್ಣವನ್ನು ತಾನಾಗಿ ಹೊಂದಿಸುವ ಸೌಲಭ್ಯ ಬಂದಿದೆ, ಆದರೆ ಎಲ್ಲ ಕಂಪ್ಯೂಟರ್‌ಗಳಲ್ಲೂ ಸಿಗುವುದಿಲ್ಲ. ಅಲ್ಲಿಯವರೆಗೆ ಮಾನಿಟರ್‌ನ ಮೆನುವಿನಲ್ಲಿರುವ ‘ಎಸ್‌ಆರ್‌ಜಿಬಿ ಮೋಡ್’ ದಿನದ ಕೆಲಸಕ್ಕೆ ವಾಸಿ.

ಕೊಳ್ಳುವವರ ಮಟ್ಟಿಗೆ ಆದ್ಯತೆ ಹೀಗಿರಬಹುದು. ಲ್ಯಾಪ್‌ಟಾಪ್ ಆದರೆ ಮೊದಲು ಪೂರ್ತಿ ಎಸ್‌ಆರ್‌ಜಿಬಿ ಇದೆಯಾ ನೋಡಿ. ಫೋಟೋ, ವಿಡಿಯೋ ಕೆಲಸಕ್ಕೆ ಪಿ3 ಮಾನಿಟರ್ ತೆಗೆದುಕೊಳ್ಳುವುದಾದರೆ 8-ಬಿಟ್ + ಎಫ್‌ಆರ್‌ಸಿ ಸಾಕು, ‘ನಿಜವಾದ 10 ಬಿಟ್’ ಎಂಬ ಒಂದೇ ಕಾರಣಕ್ಕೆ ಹತ್ತಾರು ಸಾವಿರ ಹೆಚ್ಚು ಕೊಡಬೇಡಿ. ನೂರು ಶೇಕಡಾ ಬಿಟಿ.2020ಗಾಗಿ ಈಗಲೇ ದುಡ್ಡು ಸುರಿಯಬೇಕಿಲ್ಲ, ಅದಕ್ಕೆ ತಕ್ಕ ಚಿತ್ರಗಳು ಇನ್ನೂ ಹೆಚ್ಚಾಗಿ ಬಂದಿಲ್ಲ.

ಈಗಾಗಲೇ 10-ಬಿಟ್ ಮಾನಿಟರ್ ಮನೆಯಲ್ಲಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಹೋಗಿ. ಅಲ್ಲಿ ಬಿಟ್ ಡೆಪ್ತ್ ಎಂಬ ಸಾಲು ಇದೆ. 8-ಬಿಟ್ ಎಂದೋ ‘8-ಬಿಟ್ ವಿತ್ ಡಿದರಿಂಗ್’ (ನಡುವಿನ ಛಾಯೆಯನ್ನು ತೋರಿಕೆಗೆ ಹುಟ್ಟಿಸುವುದು) ಎಂದೋ ಕಂಡರೆ ಪ್ಯಾನೆಲ್ ಅನ್ನು ದೂರಬೇಡಿ. ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬುದು) ಒಂದು ಹಂತ ಇಳಿಸಿ, ಇಲ್ಲವೇ ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ, ಗ್ರಾಫಿಕ್ಸ್ ಕಾರ್ಡ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 10 ಆರಿಸಿ ಮತ್ತೆ ಅದೇ ಸಾಲು ನೋಡಿ. ಎಷ್ಟೋ ಸಲ ತಡೆ ಇರುವುದು ಅಲ್ಲೇ.